ಎಸ್ ಮುಗಿಯದ ಮನೆ

ನಮ್ಮ ಮನೆಯಲ್ಲಿ ನಾನು ಹತ್ತು ಇಂಗ್ಲಿಷ್ ಶಬ್ದ ಒಪ್ಪಿಸದೆ ಸಂಜೆ ಯಾರ ತಾಟಿಗೂ ರೊಟ್ಟಿ ಬೀಳುತ್ತಿರಲಿಲ್ಲ. ಇದು ಅಪ್ಪನ ಕಾಯಿದೆ. ಯಲಬುರ್ಗಿಯ ನಮ್ಮ ಓಣಿಯ ಬೇರೆ ಮನೆಗಳಲ್ಲಿ ದೀಪ ಹಚ್ಚಿ, ದೇವರಿಗೆ ಕೈಮುಗಿದು ಉಣ್ಣಲು ಕೂರುತ್ತಿದ್ದರು. ನಮ್ಮಲ್ಲಿ ದೀಪ ಹಚ್ಚಿ, ಕೈಮುಗಿದು, ಜಗಲಿಯ ಮೇಲೆ ದೇವರ ಪಕ್ಕದಲ್ಲಿದ್ದ ಡಿಕ್ಷನರಿ ಇಳಿಸಿ, ನನ್ನನ್ನು ನಡುಮನೆಯಲ್ಲಿ ಕೂರಿಸಿ, ಆಮೇಲೆ ಊಟದ ಮಾತು. ಒಂದು ಶಬ್ದ ತಪ್ಪಿದರೆ, ಅದು ಬರುವ ತನಕ ಇಲ್ಲವೇ ಅಪ್ಪ ಕೈಬಿಡುವ ತನಕ, ಎಲ್ಲರೂ ಕಾಯಬೇಕು. ಅಡುಗೆಮನೆಯ ಬಾಗಿಲಲ್ಲಿ ಅವ್ವ, ಅವಳ ಹಿಂದೆ ರೊಟ್ಟಿ ಬಡಿಯುವ ತಂಗಿ ಗಿರಿಜಾ, ಕಂಬಕ್ಕೆ ಒರಗಿದ ಅಜ್ಜಿ, ಎದುರಿಗೆ ಅಪ್ಪ. ನಾಲ್ಕು ಹಸಿದ ಹೊಟ್ಟೆಗಳು ನನ್ನ ಬಾಯಿ ನೋಡುತ್ತಿದ್ದವು. ಅಯ್ಯೋ, ಆ ನೋಟವೇ! ಇವತ್ತಿಗೂ ಯಾರಾದರೂ ನನ್ನ ಮಾತಿಗಾಗಿ ಕಾಯುತ್ತ ಕೂತಿದ್ದಾರೆ ಅನ್ನಿಸಿದರೆ ಬರುವ ಶಬ್ದವೂ ಮರೆತುಹೋಗುತ್ತದೆ. ಇಪ್ಪತ್ತೈದು ವರ್ಷ ಗಂಗಾವತಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವಳ ಪಾಡು ಇದು ಎಂದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ.

ಮನೆ ಎಂದರೆ ಕಲ್ಲು ಮಣ್ಣಿನ ಮಾಳಿಗೆ ಮನೆ. ಗೋಡೆಗಳು ಮೊಳಗಟ್ಟಲೆ ದಪ್ಪ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಎರಡರ ನಡುವೆ ನಡುಮನೆ. ಈ ನಡುಮನೆಗೆ ಕಿಟಕಿಯೇ ಇರಲಿಲ್ಲ. ಮೇಲೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅದರಿಂದ ತಾಟಿನಷ್ಟು ಬಿಸಿಲು ನೆಲಕ್ಕೆ ಬೀಳುತ್ತಿತ್ತು. ರಜೆಯಿದ್ದ ದಿನ ನಾನು ಆ ಬಿಸಿಲು ಸರಿದಂತೆ ಸರಿಯುತ್ತ, ಜೋಳದ ಚೀಲದ ಹತ್ತಿರದಿಂದ ಜಗಲಿಯ ಹತ್ತಿರದ ತನಕ ತೆವಳುತ್ತ ಶಬ್ದ ಬಾಯಿಪಾಠ ಮಾಡಬೇಕು. ಹೊರಗೆ ಓಣಿಯ ಹುಡುಗಿಯರು ಕುಂಟಾಟ ಆಡುವ ಸದ್ದು ಅದೇ ಕಿಂಡಿಯಿಂದ ಇಳಿಯುತ್ತಿತ್ತು. ಮಳೆ ಬಂದರೆ ಗಿರಿಜಾ ಮಾಳಿಗೆ ಹತ್ತಿ ಕಿಂಡಿಗೆ ತಗಡು ಮುಚ್ಚುತ್ತಿದ್ದಳು. ಆಗ ಬಿಸಿಲೂ ಇಲ್ಲ, ಸದ್ದೂ ಇಲ್ಲ, ನಾನೂ ಜೋಳವೂ ಕತ್ತಲಲ್ಲಿ ಕೂತಿರಬೇಕು. ಕ್ಲಾಸಿನ ಹುಡುಗಿಯರೆಲ್ಲ ಇಟಗಿಯ ಗುಡಿ ನೋಡಲು ಹೋದಾಗ ನಾನು ‘ಡಿ’ ಅಕ್ಷರದಲ್ಲಿದ್ದೆ. ಅಪ್ಪನ ಮುಂದೆ ಅತ್ತೆ, ಕರೆದೆ, ಒಂದು ಹೊತ್ತು ಊಟ ಬಿಟ್ಟೆ.

“ಡಿ ಮುಗೀಲಿ, ಆಮ್ಯಾಲೆ ಗುಡಿ. ಅದು ಇಷ್ಟು ವರ್ಷ ಎಲ್ಲಿಗೂ ಹೋಗಿಲ್ಲ, ನಿನ್ನ ಬಿಟ್ಟು ಎಲ್ಲಿಗೆ ಹೊಕ್ಕೈತಿ?” ಎಂದ ಅಪ್ಪ.

ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಒಂದು ವಾರ ಕುಷ್ಟಗಿ, ಒಂದು ವಾರ ಕೊಪ್ಪಳ, ಗಂಗಾವತಿ. ಮ್ಯಾಟ್ರಿಕ್‌ನಲ್ಲಿ ಮೂರು ಸಲ ಇಂಗ್ಲಿಷಿಗೆ ಡುಮ್ಕಿ ಹೊಡೆದು, ನಾಲ್ಕನೇ ಸಲ ಹೇಗೋ ದಾಟಿದ್ದ. ದಾಟುವ ಹೊತ್ತಿಗೆ ಅವನ ಅಪ್ಪ ಸಾಕು ಮಾಡು ಎಂದು ಓದು ಬಿಡಿಸಿಯಾಗಿತ್ತು. ಆ ಸಿಟ್ಟು ಅಪ್ಪನ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಕಲಿಯುವವರನ್ನು ನಡುವೆ ಬಿಡಿಸಬಾರದು ಎನ್ನುವುದು ಅವನ ಬಾಯಲ್ಲಿ ದಿನಕ್ಕೊಮ್ಮೆ ಬರುವ ಮಾತು. ಡಿಕ್ಷನರಿಯೂ ಬಸ್ಸಿನಲ್ಲೇ ಸಿಕ್ಕದ್ದು. ಗಂಗಾವತಿಯಿಂದ ಬರುವಾಗ ಯಾರೋ ಹಿಂದಿನ ಸೀಟಿನ ಮೇಲೆ ಬಿಟ್ಟುಹೋಗಿದ್ದರಂತೆ. ಅಪ್ಪ ಅದನ್ನು ಡಿಪೋದಲ್ಲಿ ಒಪ್ಪಿಸಿದ. ತಿಂಗಳುಗಟ್ಟಲೆ ಯಾರೂ ಕೇಳಿಕೊಂಡು ಬರಲಿಲ್ಲ. ಕಡೆಗೆ ‘ನೀನೇ ಒಯ್ಯೋ ಮಾರಾಯಾ’ ಎಂದರಂತೆ. ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದು, ಕುಂಕುಮ ಹಚ್ಚಿ, ಜಗಲಿಯ ಮೇಲಿಟ್ಟ. ಮರುದಿನ ಪೆನ್ಸಿಲ್ ಹಿಡಿದು ‘ಎ’ಯಿಂದ ಶುರು ಮಾಡಿದ. ತನಗೆ ಬೇಕೆನಿಸಿದ ಶಬ್ದಕ್ಕೆ ಒಂದು ಗೀಟು, ದಿನಕ್ಕೆ ಹತ್ತು ಗೀಟು. ಒಂದು ಅಕ್ಷರ ಪೂರ್ತಿ ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ನಿನ್ನೆಯ ಹತ್ತು ಸರಿಯಾಗಿ ಬರದಿದ್ದರೆ ಇವತ್ತಿಗೆ ಹೊಸ ಹತ್ತು ಇಲ್ಲ. ಅರ್ಥ ಸರಿಯಾಗಿ ಹೇಳಿದರೆ ಬಸ್ಸಿನಲ್ಲಿ ಕೂಗುವ ಹಾಗೆಯೇ ‘ರೈಟ್’ ಎನ್ನುತ್ತಿದ್ದ, ತಪ್ಪಿದರೆ ‘ಹೋಲ್ಡಾನ್!’ ಆ ಹೋಲ್ಡಾನ್‌ಗೆ ಪಕ್ಕದ ಮನೆಯ ಎಮ್ಮೆ ಕೂಡ ನಿಂತುಬಿಡುತ್ತಿತ್ತು. ಗಿರಿಜಾಗೆ ಯಾಕೆ ಇಲ್ಲ ಇದು ಎಂದು ನಾನು ಕೇಳಿದರೆ, “ದೊಡ್ಡಾಕಿ ನೀ ಕಲಿ, ಅಕಿಗೆ ನೀನ ಕಲಸೀಯಂತ,” ಎನ್ನುತ್ತಿದ್ದ. ನಾನು ಅವಳಿಗೆ ಒಂದು ದಿನವೂ ಕಲಿಸಲಿಲ್ಲ.

ಒಂದೇ ಅಕ್ಷರದೊಳಗೆ ವಾರಗಟ್ಟಲೆ ಬದುಕುವುದು ವಿಚಿತ್ರ. ಮನೆಗೇ ಆ ಅಕ್ಷರದ ಗಾಳಿ ಬಡಿಯುತ್ತದೆ. ‘ಬಿ’ ನಡೆದಿದ್ದಾಗ ಬೆಗ್ ಎಂದರೆ ಬೇಡು, ಬೆಂಡ್ ಎಂದರೆ ಬಗ್ಗು, ಬಿಲಾಂಗ್ ಎಂದರೆ ಇನ್ನೊಬ್ಬರಿಗೆ ಸೇರಿದ್ದು, ಬ್ಲೇಮ್ ಎಂದರೆ ತಪ್ಪು ಹೊರಿಸು, ಬರ್ಡನ್ ಎಂದರೆ ಹೊರೆ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆ. ಅಜ್ಜಿ ಕಂಬಕ್ಕೆ ಒರಗಿ ಎಲೆ ಅಡಿಕೆ ಜಗಿಯುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಇಂಗ್ಲಿಷ್ ಬಾರದು, ಕನ್ನಡ ಓದಲೂ ಬಾರದು. ಆದರೆ ಅರ್ಥದ ವಿಷಯದಲ್ಲಿ ಅವಳ ತಕರಾರು ಇಲ್ಲದ ದಿನವಿಲ್ಲ.

“ಎಲ್ಲಾ ಹೆಣಮಕ್ಕಳಿಗೆ ಹೇಳೂ ಶಬ್ದನ ಅದಾವಲ್ಲಬೇ. ಗಂಡಸರ ಶಬ್ದ ಯಾವ ಅಕ್ಷರದಾಗ ಬರ್ತಾವ?” ಎಂದಳು ಒಂದು ದಿನ.

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಪ್ಪ ಕೇಳಿಸದವನ ಹಾಗೆ ಹಾಳೆ ತಿರುವಿದ. ಕೇಳಿಸದವನ ಹಾಗೆ ಇರುವುದು ಅವನ ಧರ್ಮವೂ ಆಗಿತ್ತು. ಯಾಕೆಂದರೆ ಅಜ್ಜಿ ಅವ್ವನ ತಾಯಿ, ಅಪ್ಪ ಅವಳಿಗೆ ಅಳಿಯ. ನಮ್ಮ ಕಡೆಯ ಹಳೇ ಹೆಂಗಸರು ಅಳಿಯನ ಜೊತೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಅವ್ವನಿಗೆ ಆರಾಮಿಲ್ಲವೆಂದು ಒಂದು ತಿಂಗಳಿಗೆ ಬಂದ ಅಜ್ಜಿ ಉಳಿದೇ ಬಿಟ್ಟಿದ್ದಳು. ಒಂದೇ ಮನೆಯಲ್ಲಿ ವರ್ಷಾನುಗಟ್ಟಲೆ ಇದ್ದರೂ ಇಬ್ಬರ ನಡುವೆ ನೇರ ಒಂದು ಮಾತು ಆಗಿರಲಿಲ್ಲ. ಎಲ್ಲ ಮಾತೂ ನನ್ನ ಮೂಲಕ. ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡು “ನಿಮ್ಮಪ್ಪಗ ಹೇಳವಾ” ಎನ್ನುವಳು. ಅಪ್ಪ ಗೋಡೆ ನೋಡುತ್ತ “ನಿಮ್ಮಜ್ಜಿಗೆ ಹೇಳು” ಎನ್ನುವನು. ಇಬ್ಬರಿಗೂ ಇಬ್ಬರ ಮಾತೂ ಹತ್ತು ಅಡಿ ದೂರದಿಂದ ಚೆನ್ನಾಗಿ ಕೇಳಿಸುತ್ತಿತ್ತು. ಆದರೆ ನಾನು ನನ್ನ ಬಾಯಿಂದ ಮುಟ್ಟಿಸುವ ತನಕ ಆ ಮಾತು ಆಡಿದ ಲೆಕ್ಕಕ್ಕೇ ಇಲ್ಲ. ಒಮ್ಮೆ ಅಪ್ಪನ ಕಾಲಬುಡದಲ್ಲಿ ಚೇಳು ಕಂಡು ಅಜ್ಜಿ “ಏ ಹುಡುಗಿ, ನಿಮ್ಮಪ್ಪಗ ಚೇಳು ಐತಿ ಅಂತ ಹೇಳಽ!” ಎಂದು ಚೀರಿದಳಂತೆ. ನಾನು ಬಂದು ಹೇಳುವ ತನಕ ಅಪ್ಪ ಕಾಲು ಎತ್ತಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ನನ್ನ ನೆನಪಿನ ಪ್ರಕಾರ ಚಂಗನೆ ಎತ್ತಿದ್ದ.

ಅಜ್ಜಿಗೆ ಒಬ್ಬನೇ ಮಗ, ಅವ್ವನ ತಮ್ಮ, ನಮ್ಮ ಈರಣ್ಣ ಮಾಮಾ. ಇರಕಲ್ಲಗಡದ ಹತ್ತಿರ ಹೊಲಮನೆ. ನನಗಿಂತ ಹನ್ನೆರಡು ವರ್ಷ ದೊಡ್ಡವನು. ನನ್ನನ್ನು ಮೊದಲ ದಿನ ಶಾಲೆಗೆ ಹೆಗಲ ಮೇಲೆ ಹೊತ್ತುಕೊಂಡು ಹೋದವನು ಅವನೇ. ಬಂದಾಗಲೆಲ್ಲ ಎಳೆ ಜೋಳದ ಸೀತನಿಯೋ ಹಸಿ ಶೇಂಗಾವೋ ಚೀಲ ತುಂಬಿ ತರುವನು, ನಾವಿಬ್ಬರೂ ಅವನ ಮೇಲೆ ಬಿದ್ದು ಹೊರಳಾಡುವೆವು. ನಾನು ಹತ್ತನೇತ್ತ, ಎಂದರೆ ಹತ್ತನೇ ತರಗತಿ, ಮುಗಿಸಿದ ಬೇಸಿಗೆಯಲ್ಲಿ ಅವನು ಬಂದಾಗ ಅವ್ವ ನನಗೆ ಮಾತ್ರ “ಒಳಗ ಹೋಗು” ಎಂದಳು. ಯಾಕೆಂದು ಅವತ್ತೇ ತಿಳಿಯಿತು. ನಮ್ಮಲ್ಲಿ ಅಕ್ಕನ ಮಗಳು ಎಂದರೆ ತಮ್ಮನಿಗೆ ಮೊದಲು ಕೇಳುವ ಹೆಣ್ಣು. ನಾನು ಹುಟ್ಟಿದಾಗಲೇ ಅಜ್ಜಿ ತೊಟ್ಟಿಲಿಗೆ ಕೈ ಇಟ್ಟು ಇವಳು ಈರಣ್ಣನಿಗೇ ಎಂದಿದ್ದಳಂತೆ. ನನಗೆ ಹಾರಿಬಿದ್ದು ಜಗಳಾಡಬೇಕು ಅನ್ನಿಸಿತು. ಯಾರ ಮೇಲೆ ಎಂದು ಹೊಳೆಯಲಿಲ್ಲ. ಮಾಮಾ ಒಳ್ಳೆಯವನು, ಅಜ್ಜಿ ನನ್ನನ್ನು ಕಂಡರೆ ಪ್ರಾಣ ಬಿಡುವವಳು, ಅವ್ವನಿಗೆ ತವರುಮನೆಯ ನಂಟು ಉಳಿಯುವ ಆಸೆ. ಕೆಟ್ಟವರಿದ್ದರೆ ಅವರನ್ನು ತಳ್ಳಿ ಹೊರಗೆ ಓಡಬಹುದು. ಇವರೆಲ್ಲ ಪ್ರೀತಿಯವರು, ಬಾಗಿಲಿಗೆ ಅಡ್ಡ ಕೂತಿದ್ದರು.

ಅಜ್ಜಿ ಹೇಳಿದಳು: “ನಿಮ್ಮಪ್ಪಗ ಹೇಳವಾ, ಹತ್ತನೇತ್ತ ಆತು. ಇನ್ನ ಈರಣ್ಣಗ ಕೊಡೂ ಮಾತು ಆಡೋಣಂತ.”

ನಾನು ಅಪ್ಪನಿಗೆ ಹೇಳಿದೆ: “ಹತ್ತನೇತ್ತ ಆತಂತ. ಇನ್ನ ನನ್ನ ಈರಣ್ಣ ಮಾಮಾಗ ಕೊಡೂ ಮಾತು ಆಡೋಣಂತ.”

“ನಿಮ್ಮಜ್ಜಿಗೆ ಹೇಳು, ಕಲಿಯೂ ಹುಡುಗೀನ ನಡುವ ಬಿಡಸಂಗಿಲ್ಲ. ಡಿಕ್ಷನರಿ ಮುಗೀಲಿ. ಮುಗಿಸಿದ ಮಗಳನ್ನ ಕೊಡ್ತೇನಿ.”

“ಎಷ್ಟ ಅಕ್ಷರ ಅದಾವಂತ ಕೇಳು. ಎಷ್ಟ ಮುಗದಾವ ಕೇಳು.”

“ಇಪ್ಪತ್ತಾರು. ಏಳು ಮುಗದಾವ.”

ಅಜ್ಜಿ ಬೆರಳ ಗೆಣ್ಣು ಎಣಿಸಿದಳು. “ಹತ್ತೊಂಬತ್ತು ಉಳದಾವ. ತಿಂಗಳಿಗೊಂದು ಅಂದ್ರ ಒಂದೂವರಿ ವರ್ಷದ ಮ್ಯಾಲೊಂದು ತಿಂಗಳ. ಆತು ಅಂತ ಹೇಳು.”

“ಆತಂತ,” ಎಂದೆ ನಾನು. ನನ್ನ ಮದುವೆಯ ಕರಾರನ್ನು ನಾನೇ ಆ ಗೋಡೆಯಿಂದ ಈ ಕಂಬಕ್ಕೆ, ಈ ಕಂಬದಿಂದ ಆ ಗೋಡೆಗೆ ಹೊತ್ತು ಹಾಕಿದೆ. ನಿನಗೆ ಆತೇನು ಎಂದು ನನ್ನನ್ನು ಕೇಳಲು ಅಲ್ಲಿ ಇನ್ನೊಬ್ಬರು ಇರಲಿಲ್ಲ.

ಅಜ್ಜಿ ಜೀವಮಾನವಿಡೀ ಸೇರಿನಿಂದ ಕಾಳು ಅಳೆದವಳು. ಸೇರು ಎಂದರೆ ಎಲ್ಲ ಸೇರೂ ಒಂದೇ. ಹಾಗೆಯೇ ಅಕ್ಷರಗಳೂ ಸರಿಸಮ ಇರುತ್ತವೆ ಎಂದು ತಿಳಿದಳು. ಒಂದು ಅಕ್ಷರ ಮುಗಿದರೆ ಜಗಲಿಯ ಪಕ್ಕದ ಗೋಡೆಗೆ ಒಂದು ಸುಣ್ಣದ ಬೊಟ್ಟು ಇಡುವಳು, ಅವತ್ತು ಬೆಲ್ಲ ಹಾಕಿ ಸಜ್ಜಕ ಮಾಡಿಸುವಳು. ‘ಜೆ’ ಒಂದು ವಾರಕ್ಕೆ ಮುಗಿಯಿತು, ‘ಕೆ’ ಅದರ ಹಿಂದೆಯೇ ಮುಗಿಯಿತು. ಹತ್ತು ದಿನದಲ್ಲಿ ಎರಡು ಸಲ ಸಜ್ಜಕ! ಅಜ್ಜಿಯ ಮುಖ ಅರಳಿತು, ನಾನು ನನ್ನ ಪಾಲನ್ನು ಗಿರಿಜಾಳ ತಾಟಿಗೆ ಸರಿಸಿದೆ. ಆಮೇಲೆ ‘ಪಿ’ ಬಂತು. ಎರಡು ತಿಂಗಳಾದರೂ ಮುಗಿಯಲೊಲ್ಲದು. ಅದು ಮುಗಿದು ‘ಕ್ಯೂ’ ಮೂರೇ ದಿನಕ್ಕೆ ಆಗಿಹೋಯಿತು. ಅಳಿಯ ಏನೋ ಆಟ ಹೂಡಿದ್ದಾನೆ ಎಂದು ಅಜ್ಜಿಗೆ ಸಂಶಯ ಬಂತು.

“ಒಂದು ಸೇರು ಬೊಗಸಿಯಷ್ಟು, ಇನ್ನೊಂದು ಸೇರು ಕಾಳು ತುಂಬೂ ಹಗೇವಿನಷ್ಟು ಇರ್ತೈತೇನು? ನಿಮ್ಮಪ್ಪಗ ಹೇಳು, ದೇವರು ನೋಡಾಕತ್ಯಾನಂತ,” ಎಂದಳು. ನಾನು ಅದನ್ನೂ ಮುಟ್ಟಿಸಿದೆ.

‘ಎಸ್’ಗೆ ಬಂದಾಗ ನಾನು ಪಿಯುಸಿ ಎರಡನೇ ವರ್ಷ. ಡಿಕ್ಷನರಿಯನ್ನು ಪಕ್ಕದಿಂದ ನೋಡಿದರೆ ಎಸ್ ಒಂದೇ ಹೆಬ್ಬೆರಳ ದಪ್ಪ. ಅದರ ಮುಂದೆ ‘ಟಿ’ ಒಂದಿಷ್ಟು, ‘ಡಬ್ಲ್ಯು’ ಒಂದಿಷ್ಟು, ಉಳಿದವು ಪಾಪ, ನಾಲ್ಕು ಹಾಳೆ, ಎರಡು ಹಾಳೆಯವು. ಎಸ್ ದಾಟಿದರೆ ಉಳಿದದ್ದು ಇಳಿಜಾರು, ಝಡ್ ತನಕ ಜಾರಿಬಿಡುತ್ತದೆ ಎಂದು ನನಗೆ ಕಂಡಿತು. ನನಗೆ ಕೊಪ್ಪಳಕ್ಕೆ ಹೋಗಬೇಕಿತ್ತು. ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಓದಬೇಕಿತ್ತು. ಕಿಟಕಿ ಇರುವ ಒಂದು ಕೋಣೆಯಲ್ಲಿ ಮಲಗಿ ಏಳಬೇಕಿತ್ತು. ಒಮ್ಮೆ ಕಾಲೇಜಿಗೆ ಹೆಸರು ಹಚ್ಚಿಸಿಬಿಟ್ಟರೆ ಮೂರು ವರ್ಷ ಯಾರೂ ಮದುವೆಯ ಮಾತು ಎತ್ತುವಂತಿಲ್ಲ ಎಂದು ಅಪ್ಪ ಅವ್ವನಿಗೆ ಹೇಳಿದ್ದನ್ನು ನಾನು ಕೇಳಿದ್ದೆ. ಹೆಸರು ಹಚ್ಚುವುದಕ್ಕೆ ಇನ್ನೂ ಒಂದು ವರ್ಷವಿತ್ತು. ಅಲ್ಲಿಯ ತನಕ ಎಸ್ ಮುಗಿಯಬಾರದು. ಇಷ್ಟೇ ನನ್ನ ತಲೆಯಲ್ಲಿದ್ದದ್ದು.

ಮುಗಿಯದಂತೆ ಮಾಡುವುದು ಸುಲಭವಿತ್ತು. ನಿನ್ನೆಯದು ಬಾರದಿದ್ದರೆ ಹೊಸತಿಲ್ಲ ಎಂಬ ಕಾಯಿದೆ ಅಪ್ಪನದೇ ತಾನೆ? ಹತ್ತರಲ್ಲಿ ಎಂಟು ಹೇಳಿ ಎರಡಕ್ಕೆ ಬಾಯಿ ಮುಚ್ಚಿಕೊಂಡೆ. ಆಮೇಲೆ ಆರು, ಆಮೇಲೆ ನಾಲ್ಕು. ವಾರಕ್ಕೊಮ್ಮೆ ಮಾತ್ರ ಹತ್ತೂ ಒಪ್ಪಿಸಿ ಒಂದು ಹೆಜ್ಜೆ ಮುಂದೆ ಸರಿಯುವೆ. ದಿನಾ ಉಣ್ಣುವ ‘ಸಾಲ್ಟ್’ ಎಂದರೆ ಏನು ಎಂದು ಕೇಳಿದರೆ ಗೊತ್ತಿಲ್ಲ ಎಂದೆ. ಸ್ಕೂಲ್‌ನಿಂದ ಆಗಷ್ಟೇ ಬಂದವಳು ‘ಸ್ಕೂಲ್’ ಎಂದರೆ ಮರೆತೆ ಎಂದೆ. ಅಪ್ಪ ಮೊದಮೊದಲು ಹೋಲ್ಡಾನ್ ಎಂದು ಗುಡುಗಿದ. ಆಮೇಲೆ ಅವನ ಹೋಲ್ಡಾನ್ ಸಣ್ಣದಾಗುತ್ತ ಬಂತು. ಬೈದರೆ ತಡೆದುಕೊಳ್ಳಬಹುದಿತ್ತು. ಅವನು ಬೈಯುವುದನ್ನು ಬಿಟ್ಟ. ಒಂದು ಸಂಜೆ ಅವ್ವನಿಗೆ ಹೇಳುತ್ತಿದ್ದ, “ನನ್ನ ರಕ್ತಾನ ಹಂಗೈತಿ ನೋಡು. ಅದರಾಗ ಇಂಗ್ಲಿಷ್ ನಿಲ್ಲಂಗಿಲ್ಲ. ಅಕಿದೇನು ತಪ್ಪು?” ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಅಷ್ಟರಲ್ಲಿ ನನಗೆ ಝಡ್ ತನಕ ಬಾಯಿಪಾಠವಾಗಿತ್ತು. ಬೆಳಕಿಂಡಿಯ ಕೆಳಗೆ ಕೂತು ನಾನೇ ಒಬ್ಬಳೇ ಗೊಣಗಿ ಗೊಣಗಿ ಮುಗಿಸಿಬಿಟ್ಟಿದ್ದೆ, ಯಾಕೆಂದರೆ, ಹಾಳಾದ್ದು, ನನಗೆ ಆ ಶಬ್ದಗಳ ಹುಚ್ಚು ಹಿಡಿದಿತ್ತು. ಗೊತ್ತಿದ್ದೂ ಗೊತ್ತಿಲ್ಲ ಎಂದು ಅಪ್ಪನ ಮುಖಕ್ಕೆ ಹೇಳುವುದು ಆ ಕಿಟಕಿಯಿಲ್ಲದ ಕೋಣೆಗಿಂತ ಇಕ್ಕಟ್ಟು. ಅಲ್ಲಿ ಬೆಳಕಿಂಡಿಯೂ ಇರಲಿಲ್ಲ.

ಗಿರಿಜಾಗೆ ಮಾತ್ರ ಗೊತ್ತಿತ್ತು. ನನಗಿಂತ ಒಂದೂವರೆ ವರ್ಷ ಚಿಕ್ಕವಳು. ಆ ವರ್ಷ ಹತ್ತನೇತ್ತದಲ್ಲಿ ಗ್ರಹಚಾರಕ್ಕೆ ಗಣಿತದಲ್ಲಿ ಫೇಲಾಗಿ ಮನೆಯಲ್ಲಿದ್ದಳು. ಅಕ್ಟೋಬರ್ ಪರೀಕ್ಷೆಗೆ ಫಾರಂ ತುಂಬಿದ್ದಳು. ಪಾಸಾಗಿ ಕೊಪ್ಪಳದಲ್ಲಿ ನರ್ಸ್ ಆಗುತ್ತೇನೆ ಎಂದು ಓಣಿಯ ಮಕ್ಕಳ ಗಾಯಕ್ಕೆಲ್ಲ ಅರಿಸಿನ ಹಚ್ಚಿ ಬಟ್ಟೆ ಕಟ್ಟುತ್ತಿದ್ದಳು. ರೊಟ್ಟಿ ಬಡಿಯುತ್ತ, ಹಿಟ್ಟು ಜರಡಿ ಹಿಡಿಯುತ್ತ ನನ್ನ ಗೊಣಗಾಟವನ್ನೆಲ್ಲ ಕೇಳಿ ಕೇಳಿ ಅವಳ ಕಿವಿಗೆ ಎಲ್ಲ ಶಬ್ದ ಹತ್ತಿದ್ದವು. ಸಂಜೆ ನಾನು ತಡವರಿಸಿದರೆ ಅಪ್ಪನ ಬೆನ್ನ ಹಿಂದಿನಿಂದ ತುಟಿ ಆಡಿಸಿ ಹೇಳಿಕೊಡುವಳು. ನಾನು ನೋಡಿಯೂ ನೋಡದ ಹಾಗೆ ತಲೆ ತಗ್ಗಿಸುವೆ. ಒಂದು ದಿನ ಬೋರಿಂಗಿನ ಹತ್ತಿರ ಕೊಡ ಇಟ್ಟು ನನ್ನ ಮುಂದೆ ನಿಂತಳು.

“ಅಕ್ಕಾ, ನಿನಗ ಎಲ್ಲಾ ಬರ್ತೈತಿ. ಸುಳ್ಳ ಯಾಕ ಹೇಳ್ತಿ?”

“ಎಸ್ ಮುಗಿದ್ರ ನನ್ನ ಕಥಿನೂ ಮುಗೀತೈತಿ, ಗಿರಿಜಾ.”

ಅವಳು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು, “ಹಂಗಾರ ಮುಗಸಬ್ಯಾಡ. ಆದ್ರ ಲಗೂನ ಬರಂಗಿಲ್ಲ ಅಂದ್ಬಿಡು ಮಾರಾಯ್ತಿ, ಹೊಟ್ಟಿ ಭಾಳ ಹಸೀತೈತಿ,” ಎಂದಳು. ಇಬ್ಬರೂ ನಕ್ಕೆವು. ಆ ಮೂರು ತಿಂಗಳಲ್ಲಿ ನಾನು ನಕ್ಕ ನೆನಪು ಅದೊಂದೇ.

ಎಸ್ ಶುರುವಾಗಿ ಮೂರು ತಿಂಗಳಾದರೂ ಗೋಡೆಯ ಮೇಲೆ ಹೊಸ ಬೊಟ್ಟು ಬೀಳಲಿಲ್ಲ. ಶ್ರಾವಣ ಹೋಯಿತು. ಒಂದು ಭಾನುವಾರ ಮಧ್ಯಾಹ್ನ ನಾನು ನಡುಮನೆಯಲ್ಲಿ ಕೂತಿದ್ದೆ. ಅಡುಗೆಮನೆಯಲ್ಲಿ ಅಜ್ಜಿ ಅವ್ವನ ಜೊತೆ ಮಾತಾಡುತ್ತಿದ್ದಳು. ಗೋಡೆ ದಪ್ಪವಾದರೂ ನಡುವೆ ಬಾಗಿಲಿರಲಿಲ್ಲ.

“ದೊಡ್ಡಾಕಿ ಮುಗಸಂಗಿಲ್ಲ ತಗೋ. ಈರಣ್ಣಗ ಮೂವತ್ತು ಆಗಾಕ ಬಂತು. ಸಣ್ಣಾಕಿ ಅದಾಳಲ್ಲ? ಅಕಿನ್ನ ಕೇಳೋಣ.”

“ಅಕಿ ಪರೀಕ್ಷೆ ಕಟ್ಯಾಳಲ್ಲಬೇ. ಕಲಿಯಾಕಿನ್ನ ಅವರು ಹೆಂಗ ಕೊಟ್ಟಾರು?” ಎಂದಳು ಅವ್ವ.

“ನೋಡೋಣ. ಹೊತ್ತು ಬರ್ತೈತಿ.”

ಸತ್ಯ ಹೇಳಬೇಕೆಂದೇ ನನ್ನ ಆತ್ಮಕಥೆಯ ಈ ಅಧ್ಯಾಯ ಬರೆಯಲು ಕೂತಿದ್ದೇನೆ, ಹಾಗಾಗಿ ಹೇಳಿಬಿಡುತ್ತೇನೆ. ಆ ಮಾತು ಕಿವಿಗೆ ಬಿದ್ದಾಗ ನನಗೆ ಮೊದಲು ಆದದ್ದು ಸಿಟ್ಟಲ್ಲ, ಭಯವಲ್ಲ. ಹಗುರವಾಯಿತು. ಎದೆಯ ಮೇಲಿನ ಚೀಲ ಯಾರೋ ಇಳಿಸಿದಷ್ಟು ಹಗುರ. ಗಿರಿಜಾಳ ಮುಖ ಕಣ್ಣಿಗೆ ಬಂದದ್ದು ಅದರ ನಂತರ. ಬಂದ ಕೂಡಲೇ ನಾನು ಹಾಳೆ ತಿರುವಿದೆ.

ಅವತ್ತು ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬಂದು, ಕೈಕಾಲು ತೊಳೆದು, ಡಿಕ್ಷನರಿ ಇಳಿಸಿದ. ಆ ಹತ್ತು ಶಬ್ದಗಳು ಇವತ್ತಿಗೂ ನನಗೆ ಸಾಲಾಗಿ ನೆನಪಿವೆ: ಸ್ಪೇಸ್, ಸ್ಪೇಡ್, ಸ್ಪೇರ್, ಸ್ಪಾರ್ಕ್, ಸ್ಪಾರೋ, ಸ್ಪೀಕ್, ಸ್ಪಿಯರ್, ಸ್ಪೆಶಲ್, ಸ್ಪೀಚ್, ಸ್ಪೀಡ್. ಒಂದು ವಾರದಿಂದ ಇವೇ ಹತ್ತರಲ್ಲಿ ನಾವು ನಿಂತಿದ್ದೆವು. ಮೊದಲ ನಾಲ್ಕಕ್ಕೂ ನಾನು ಬರಂಗಿಲ್ಲ ಎಂದೆ. ಅಪ್ಪ ‘ಸ್ಪಾರೋ’ ಎಂದ. ಮೇಲೆ ಬೆಳಕಿಂಡಿಯ ಅಂಚಿನಲ್ಲಿ ಗುಬ್ಬಿಗಳು ಗೂಡಿಗೆ ಬಂದು ಕಚಪಚ ಎನ್ನುತ್ತಿದ್ದವು. ಅಪ್ಪ ಪಾಪ, ಕಣ್ಣಲ್ಲೇ ಮೇಲೆ ತೋರಿಸಿದ. ಇಷ್ಟಾದರೂ ಹೇಳು ಎಂದು ಬೇಡಿಕೊಂಡ ಹಾಗಿತ್ತು.

“ಗೊತ್ತಿಲ್ಲ,” ಎಂದೆ.

ಅಪ್ಪ ಹೋಲ್ಡಾನ್ ಎನ್ನಲಿಲ್ಲ. ಪುಸ್ತಕ ಮುಚ್ಚಿ ನೆಲದ ಮೇಲಿಟ್ಟ. “ಸಾಕವಾ. ನಿನ್ನ ಕಾಡಿದ್ದು ಸಾಕು. ನನಗ ಬರಲಿಲ್ಲ, ನಿನಗ ಹೆಂಗ ಬಂದೀತು?” ಎಂದವನು ಎದ್ದು, ಊಟವನ್ನೂ ಕೇಳದೆ, ಪಡಸಾಲೆಯ ಕಡೆ ಎರಡು ಹೆಜ್ಜೆ ಇಟ್ಟ.

“ಗುಬ್ಬಿ,” ಎಂದಿತು ಅಡುಗೆಮನೆಯ ಬಾಗಿಲಿನಿಂದ ಒಂದು ಧ್ವನಿ.

ಗಿರಿಜಾ ನಿಂತಿದ್ದಳು, ಎರಡೂ ಕೈಗೆ ಹಿಟ್ಟು. “ಸ್ಪಾರೋ ಅಂದ್ರ ಗುಬ್ಬಿ. ಸ್ಪಾರ್ಕ್ ಅಂದ್ರ ಕಿಡಿ. ಸ್ಪೇಡ್ ಅಂದ್ರ ಸನಿಕಿ. ಸ್ಪೀಚ್ ಅಂದ್ರ ಭಾಷಣ, ಮಾತು.” ಹತ್ತನ್ನೂ ಹೇಳಿದಳು. ಅಪ್ಪನ ಬಾಯಿಂದ ರೈಟ್ ಎಂಬ ಶಬ್ದ ಹೊರಟಿತು. ಎಷ್ಟೋ ದಿನಗಳಿಂದ ಆ ಮನೆಯಲ್ಲಿ ಅದು ಕೇಳಿರಲಿಲ್ಲ. ಅವನು ನೆಲಕ್ಕೆ ಕೂತು ಪುಸ್ತಕ ತೆಗೆದು ಟಿ ಕೇಳಿದ, ರೈಟ್. ವಿ ಕೇಳಿದ, ರೈಟ್. ನಗುತ್ತ, ಕಣ್ಣು ಒರೆಸಿಕೊಳ್ಳುತ್ತ ಕಡೆಯ ಹಾಳೆ ತೆಗೆದು “ಝೀರೋ?” ಎಂದ. “ಸೊನ್ನಿ,” ಎಂದಳು. “ರೈಟ್ ರೈಟ್! ಯಾವ ಸಾಲ್ಯಾಗ ಕಲತಿಯವಾ ಇದನ್ನೆಲ್ಲಾ?” ಅವನನ್ನು ಅಷ್ಟು ಖುಷಿಯಲ್ಲಿ ನಾನು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ಕಂಬದ ಹತ್ತಿರ ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. “ಏ ದೊಡ್ಡಾಕಿ, ನಿಮ್ಮಪ್ಪಗ ಹೇಳು. ಡಿಕ್ಷನರಿ ಮುಗಿಸಿದ ಮಗಳನ್ನ ಕೊಡ್ತೇನಿ ಅಂತ ಮಾತು ಕೊಟ್ಟಾರ. ಸಣ್ಣಾಕಿ ಮುಗಿಸ್ಯಾಳ. ಈರಣ್ಣಗ ಸಣ್ಣಾಕಿನ್ನ ಕೇಳಾಕತ್ತೇನಿ ಅಂತ ಹೇಳು.”

ಅಪ್ಪನ ನಗು ಅಲ್ಲೇ ನಿಂತಿತು. ಆದರೆ ಅವನು ಅಜ್ಜಿಯ ಕಡೆ ತಿರುಗಲಿಲ್ಲ. ಗೋಡೆ ನೋಡುತ್ತ ಕೂತ, ಕೇಳಿಸದವನ ಹಾಗೆ. ನಾನು ಹೇಳುವ ತನಕ ಅದು ಅವನಿಗೆ ಮುಟ್ಟಿದ ಮಾತಲ್ಲ. ಅವನು ಕಾಯುತ್ತಿದ್ದ; ನಾನು ಹೇಳದಿರಲಿ ಎಂದೇ ಕಾಯುತ್ತಿದ್ದನೇನೋ. ‘ಇದನ್ನ ನಾ ಹೇಳಂಗಿಲ್ಲ ಅಜ್ಜಿ’ ಎಂದು ನಾನು ಎದ್ದು ಹೋಗಬಹುದಿತ್ತು. ಅಜ್ಜಿ ತಾನಾಗಿ ಅಳಿಯನ ಜೊತೆ ಮಾತಾಡುವವಳಲ್ಲ, ಅವ್ವ ಆ ಮಾತು ಎತ್ತುವವಳಲ್ಲ. ‘ಅಪ್ಪಾ, ನನಗೂ ಎಲ್ಲಾ ಬರ್ತೈತಿ’ ಎನ್ನಬಹುದಿತ್ತು. ಅಂದಿದ್ದರೆ ಮುಗಿಸಿದ ಮಗಳು ನಾನಾಗುತ್ತಿದ್ದೆ. ಗಿರಿಜಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

“ಅಪ್ಪಾ,” ಎಂದೆ. “ಡಿಕ್ಷನರಿ ಮುಗಿಸಿದ ಮಗಳನ್ನ ಕೊಡ್ತೇನಿ ಅಂದಿದ್ರಂತ. ಸಣ್ಣಾಕಿ ಮುಗಿಸ್ಯಾಳಂತ. ಈರಣ್ಣ ಮಾಮಾಗ ಗಿರಿಜಾನ್ನ ಕೇಳ್ತಾಳಂತ.” ಒಂದು ಅಕ್ಷರವನ್ನೂ ಬಿಡಲಿಲ್ಲ, ಒಂದು ಕಡೆಯೂ ತಡವರಿಸಲಿಲ್ಲ. ಎಷ್ಟೋ ದಿನಗಳಲ್ಲಿ ನಾನು ಆ ಜಾಗದಲ್ಲಿ ಕೂತು ಸರಿಯಾಗಿ ಒಪ್ಪಿಸಿದ್ದು ಅದೊಂದನ್ನೇ.

ಅಪ್ಪ ಪುಸ್ತಕ ಮುಚ್ಚಿದ. “ಅಕಿ ಅಕ್ಟೋಬರ್ ಪರೀಕ್ಷೆ...” ಎಂದು ಶುರು ಮಾಡಿ ಬಿಟ್ಟ. ಕೊಟ್ಟ ಮಾತು ಅವನದೇ, ಮುಗಿದರೆ ಎಂದವನೂ ಅವನೇ. ಕಡೆಗೆ “ಆತು ಅಂತ ಹೇಳು ನಿಮ್ಮಜ್ಜಿಗೆ. ಹದಿನೆಂಟು ತುಂಬೂ ತನಕ ಮದುವಿ ಮಾಡಂಗಿಲ್ಲ ಅಂತನೂ ಹೇಳು,” ಎಂದ.

“ಆತಂತ,” ಎಂದೆ ನಾನು. ಆಮೇಲೆ ಎಲ್ಲರೂ ಉಂಡೆವು. ಪುಂಡಿಪಲ್ಯೆ, ಬಿಸಿ ರೊಟ್ಟಿ. ನಾನೂ ಉಂಡೆ. ಎರಡು ರೊಟ್ಟಿ ಉಂಡೆ.

ಗಿರಿಜಾ ಅಕ್ಟೋಬರ್ ಪರೀಕ್ಷೆಗೆ ಕೂರಲಿಲ್ಲ. ನಿಶ್ಚಯವಾದ ಹುಡುಗಿಗೆ ಇನ್ನೇನು ಗಣಿತ ಎಂದು ಅಜ್ಜಿ ಅಂದಳು, ಅದನ್ನೂ ನಾನೇ ಅಪ್ಪನಿಗೆ ಮುಟ್ಟಿಸಿದೆ. ಮುಂದಿನ ವರ್ಷ ನಾನು ಕೊಪ್ಪಳದ ಹಾಸ್ಟೆಲ್ಲಿಗೆ ಹೋದೆ. ಅವಳ ಮದುವೆಗೆ ರಜೆ ಹಾಕಿ ಬಂದು ಅಕ್ಷತೆ ಹಾಕಿದೆ. ಮಾಮಾ ಅವಳನ್ನು ಚೆನ್ನಾಗಿ ನೋಡಿಕೊಂಡ. ಮಕ್ಕಳಾದರು, ಓದಿದರು, ಮನೆ ಕಟ್ಟಿದರು. ಊರಲ್ಲಿ ಯಾರ ಕೂಸಿಗೆ ಜ್ವರ ಬಂದರೂ ಇವತ್ತಿಗೂ ಮೊದಲು ಗಿರಿಜಾಳನ್ನು ಕರೆಯುತ್ತಾರೆ. ನಾನು ಇದನ್ನೆಲ್ಲ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ! ನೋಡು, ಏನು ಕಡಿಮೆಯಾಗಿದೆ ಅವಳಿಗೆ ಎಂದು. ಅವಳ ಮುಂದೆ ಮಾತ್ರ ಆ ಸಂಜೆಯ ಸುದ್ದಿ ಎತ್ತಿರಲಿಲ್ಲ.

ಹೋದ ತಿಂಗಳು ಇದನ್ನು ಬರೆಯುವ ಮೊದಲು ಅವಳ ಊರಿಗೆ ಹೋದೆ. ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ನಾನೂ ಎದುರಿಗೆ ಕೂತು ಮುರಿಯತೊಡಗಿದೆ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ನೇರವಾಗಿ ಹೇಳಿಬಿಟ್ಟೆ.

“ಗಿರಿಜಾ, ಆವತ್ತು ಮಧ್ಯಾಹ್ನ ಅಜ್ಜಿ ಅವ್ವಗ ನಿನ್ನ ಸುದ್ದಿ ಹೇಳಿದ್ದು ನಾ ಕೇಳಿದ್ದೆ. ಗೊತ್ತಿದ್ದೂ ಸಂಜಿಗೆ ಅಜ್ಜಿ ಮಾತು ಅಪ್ಪಗ ಮುಟ್ಟಿಸಿದೆ.”

ಅವಳ ಕೈ ನಿಲ್ಲಲಿಲ್ಲ. “ನಾ ಏನ್ ಕಿವುಡಿ ಇದ್ದೆನೇನು? ಅಜ್ಜಿ ಅದನ್ನ ಹೇಳುವಾಗ ಅಲ್ಲೇ ಕುಂತು ಹಿಟ್ಟು ಜರಡಿ ಹಿಡಿಯಾಕತ್ತಿದ್ದಾಕಿ ನಾನ.”

ನಾನು ಕೈಯಲ್ಲಿದ್ದ ಕಾಯಿ ಕೆಳಗಿಟ್ಟೆ. “ಮತ್ತ ಸಂಜಿಗೆ ಯಾಕ ಬಾಯಿ ಬಿಟ್ಟಿ?”

“ಅಪ್ಪ ಉಣ್ಣದ ಎದ್ದು ಹೊಂಟಿದ್ದ. ನನಗ ನೋಡಾಕ ಆಗಲಿಲ್ಲ.” ಒಂದು ಹಿಡಿ ಕಾಯಿ ಮುರಿದು ಮೊರಕ್ಕೆ ಹಾಕಿದಳು. “ಅಜ್ಜಿ ಕೇಳೇ ಕೇಳ್ತಾಳ ಅಂತ ಗೊತ್ತಿತ್ತು. ನೀ ಅದನ್ನ ಮುಟ್ಟಸಂಗಿಲ್ಲ ಅಂತ ತಿಳಕೊಂಡಿದ್ದೆ, ಅಕ್ಕಾ.”

ನಾನು ಅತ್ತೆ. ಮೆಣಸಿನಕಾಯಿಯ ಘಾಟೆಂದು ಹೇಳಿಕೊಳ್ಳಬಹುದಿತ್ತು, ಹೇಳಲಿಲ್ಲ. ನನ್ನದು ತಪ್ಪಾಯಿತು ಎಂದೆ. ಇದನ್ನು ಪುಸ್ತಕದಲ್ಲಿ ಬರೆಯುತ್ತಿದ್ದೇನೆ, ಬರೆಯಲೇನು ಎಂದು ಕೇಳಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಹೊಲದ ದಾರಿಯ ಕಡೆ ನೋಡಿದಳು. ಮಾಮಾ ಬರುವ ಹೊತ್ತಾಗಿತ್ತು.

“ಬರಿಯೂದು ಬರಿ. ಅವರ ಮನಸ್ಸಿಗೆ ಹತ್ತಂಗ ಬರೀಬ್ಯಾಡ, ಅವರು ಛಲೋ ಮನಷ್ಯಾರು. ಮತ್ತ ಇನ್ನೊಂದು, ಗಿರಿಜಾ ಖುಷಿಲೆ ಹೋದ್ಲು ಅಂತ ಮಾತ್ರ ಬರೀಬ್ಯಾಡ.”

ಬರೆದಿಲ್ಲ.